ರಟ್ಟಿನ ಹಂದರ

ಕೌಲ್ ಬಜಾರ್, ಬಳ್ಳಾರಿ
18 ನವೆಂಬರ್ 2007

ಮಗಳು ಸಾಜಿಯಾಗೆ ನಿನ್ನ ಅಮ್ಮ ರಜಿಯಾಳ ಸಲಾಂ, ಅದರ ಹಿಂದೆಯೇ ಬಾಯಿ ತುಂಬ ದುವಾ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಕೂತರೆ ಮಷಿನ್ನು ಕರೆಯುತ್ತದೆ, ಎದ್ದರೆ ಗಿರಾಕಿ ಕರೆಯುತ್ತಾನೆ. ಖರೆ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇದೆ. ಊರವರ ಮದುವೆ, ಗೃಹಪ್ರವೇಶ, ಅಂಗಡಿ ಉದ್ಘಾಟನೆ ಎಲ್ಲಕ್ಕೂ ಒಕ್ಕಣೆ ಬರೆದುಕೊಡುವವಳು ನಾನು. ಸ್ವಂತ ಮಗಳಿಗೆ ಯಾವ ಒಕ್ಕಣೆ ಹಾಕಬೇಕೆಂದು ತಿಳಿಯದೆ ಹಾಳೆ ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ಹರಿದ ಹಾಳೆಗಳ ಹಿಂಬದಿ ಖಾಲಿ ಇತ್ತು, ಅದರಲ್ಲಿ ಬಿಲ್ಲು ಬರೆದುಕೊಂಡೆ. ದಂಡ ಮಾಡಲಿಲ್ಲ.

ಸಿರಿಗೇರಿಯಲ್ಲಿ ಯಾರದೋ ಮದುವೆ ಕಾರ್ಡಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ರಜಿಯಾ ಪ್ರಿಂಟರ್ಸ್, ಕೌಲ್ ಬಜಾರ್’ ಅಂತ ಇದ್ದದ್ದು ನೋಡಿ, ಇದು ನಮ್ಮಮ್ಮನೇ ಇರಬೇಕು ಎಂದುಕೊಂಡು ಬರೆದೆ ಎಂದಿದ್ದೀ. ಆ ಒಂದು ಸಾಲು ತೆಗೆಸಬೇಕೆಂದು ಗಿರಾಕಿಗಳು ನನ್ನ ಜೊತೆ ಎಷ್ಟು ಜಗಳ ಆಡಿದ್ದಾರೆ ಗೊತ್ತೇನು! “ಮದುವಿ ನಮ್ದು, ಹೆಸರು ನಿಂದ್ಯಾಕ?” ಅನ್ನುತ್ತಾರೆ. ನಾನು ಬಿಟ್ಟುಕೊಟ್ಟವಳಲ್ಲ. ಇಷ್ಟು ವರ್ಷ ಆ ಸಾಲು ನೋಡಿ ಒಬ್ಬ ಹೊಸ ಗಿರಾಕಿಯೂ ಬಂದಿರಲಿಲ್ಲ. ಮಗಳು ಬಂದಳು. ನನ್ನ ಲೆಕ್ಕಕ್ಕೆ ಅಸಲು, ಬಡ್ಡಿ ಎರಡೂ ಬಂದಂತಾಯಿತು.

ನೀನು ಇನ್ನೂ ಶಾಲೆಗೆ ಹೋಗದ ಹುಡುಗಿ ಇದ್ದಾಗ ನಿನ್ನ ಅಪ್ಪ ಪೀರಸಾಬ್ ಸಿರುಗುಪ್ಪದಲ್ಲಿ ಇನ್ನೊಂದು ಸಂಸಾರ ಹೂಡಿದರು. ನಾನು ಹೊರಬಿದ್ದೆ. ನಿನ್ನ ದಾದಿ, ಅಪ್ಪನ ತಾಯಿ, ನಿನ್ನನ್ನು ನನ್ನ ಜೊತೆ ಕಳಿಸಲಿಲ್ಲ. ಇದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನೇ ಮತ್ತೆ ಬರೆದು ಅಂಚೆ ಚೀಟಿ ದಂಡ ಮಾಡುವುದಿಲ್ಲ. ಮದುವೆಯಾಗಿ ಸಿರಿಗೇರಿಗೆ ಬಂದೆ, ಚೆನ್ನಾಗಿದ್ದೇನೆ ಎಂದು ಒಂದು ಸಾಲು ಬರೆದಿದ್ದೀ. ಸಂತೋಷ. ಅಳಿಯ ಇಲಿಯಾಸ್‌ಗೆ ನನ್ನ ದುವಾ ತಿಳಿಸು. ಫೋನು ಅತ್ತೆಯ ಕೈಯಲ್ಲಿರುತ್ತದೆ, ಪತ್ರವೇ ವಾಸಿ ಎಂದಿದ್ದೀ. ನನಗೂ ಅದೇ ವಾಸಿ. ಮಷಿನ್ನಿನ ಪಕ್ಕ ನಿಂತು ನಿಂತು ನನ್ನ ಎಡಗಿವಿ ಮಂದವಾಗಿದೆ. ಫೋನಿನಲ್ಲಿ ಜನ ಸಾಲ ಕೇಳುತ್ತಾರೋ ಸಲಾಂ ಹೇಳುತ್ತಾರೋ ತಿಳಿಯುವುದಿಲ್ಲ. ಪತ್ರದ ತುಂಬ ನನಗೆ ‘ನೀವು’, ‘ತಾವು’ ಅಂದಿದ್ದೀ. ಓದುವಾಗ ಯಾರೋ ದೊಡ್ಡ ಗಿರಾಕಿಯೇ ಬರೆದಂತಿತ್ತು.

“ನೀವು ಏನು ಕೆಲಸ ಮಾಡುತ್ತೀರಿ?” ಎಂದು ಕೇಳಿದ್ದೀ. ಹೇಳುತ್ತೇನೆ, ಕೂತು ಓದು.

ಬಳ್ಳಾರಿಗೆ ಬಂದ ಹೊಸದರಲ್ಲಿ ಲಗ್ನಪತ್ರಿಕೆಯ ಕವರು ಅಂಟಿಸುವ ಕೂಲಿ ಮಾಡಿದೆ. ಆಮೇಲೆ ಪೇಪರ್ ಕತ್ತರಿಸುವ ಮಷಿನ್ನು ತಗೊಂಡೆ. ಆಮೇಲೆ ಒಂದು ಸಲಕ್ಕೆ ಒಂದೇ ಬಣ್ಣ ಹೊಡೆಯುವ ಹಳೇ ಆಫ್‌ಸೆಟ್ ತಗೊಂಡೆ. ಅದು ನನಗಿಂತ ಹೆಚ್ಚು ಕೆಮ್ಮುತ್ತದೆ. ಈಗ ಊರಲ್ಲಿ ಅದಿರಿನ ಸುಗ್ಗಿ. ಮೊನ್ನೆ ತನಕ ಪಂಕ್ಚರ್ ಹಾಕುತ್ತಿದ್ದವನು ಇವತ್ತು ಗಣಿ ಧಣಿ. ಟಿಪ್ಪರುಗಳ ಟ್ರಿಪ್ ಶೀಟು, ರಸೀದಿ, ಕರಪತ್ರ, ಇಷ್ಟು ನಮ್ಮ ಪಾಲು. ಅವರ ಮನೆಯ ಮದುವೆ ಕಾರ್ಡು ಮಾತ್ರ ಶಿವಕಾಶಿಗೆ ಹೋಗುತ್ತದೆ. ಅದರಲ್ಲೂ ಪೈಪೋಟಿ. ಒಬ್ಬರು ಕಾರ್ಡಿಗೆ ಬೆಳ್ಳಿ ತಗಡು ಮೆತ್ತಿಸಿದರು. ಇನ್ನೊಬ್ಬರದು ತೆರೆದರೆ ವಾಲಗ ಊದುತ್ತಿತ್ತು. ಮುಚ್ಚಿದ ಮೇಲೂ ನಿಲ್ಲದೆ, ಸೂತಕದ ಮನೆಯೊಂದರಲ್ಲಿ ಮೂಲೆಗೆ ಕೂತು ಊದಿತಂತೆ.

ದಸರೆ ಮುಗಿದ ಮೇಲೆ ಕುರುಗೋಡಿನ ಚಿದಾನಂದಪ್ಪನವರು ಟ್ರಿಪ್ ಶೀಟು ಹೊಡೆಸಲು ಬಂದರು. ಹಿಂದೆ ಲಾರಿ ಬ್ರೋಕರು, ಈಗ ಎರಡು ಗುಡ್ಡ ಅವರ ಹೆಸರಲ್ಲಿವೆ. ಮಗಳ ಮದುವೆ ಮಾಘದಲ್ಲಿ. ಮಾತಿಗೆ ಮಾತು ಬಂದು, “ಯಾರೂ ಒಗೀಬಾರದು ಅಂಥಾ ಕಾರ್ಡ್ ಮಾಡ್ಸಬೇಕಂತ ಅದೀನಿ ನೋಡು. ಶಿವಕಾಶಿಯವರಿಗೆ ಹೇಳೀನಿ,” ಅಂದರು.

ನಾನು ಅಂದೆ: “ಯಾರೂ ಒಗೀಬಾರದು ಅಂದ್ರ, ಧಣೇರ, ಓದಾಕ ಕೊಡಬ್ಯಾಡ್ರಿ. ಮಾಡಾಕ ಕೊಡ್ರಿ.”

“ಅಂದ್ರ?”

ಎದುರಿಗೆ ಸಿಹಿ ಡಬ್ಬಿಯೊಂದು ಬಿದ್ದಿತ್ತು. ಅದರ ರಟ್ಟನ್ನು ಕತ್ತರಿಯಿಂದ ಎರಡು ತುಂಡು ಮಾಡಿ, ಒಂದಕ್ಕೆ ಮೇಲಿನಿಂದ ಅರ್ಧ ಸೀಳು, ಇನ್ನೊಂದಕ್ಕೆ ಕೆಳಗಿನಿಂದ ಅರ್ಧ ಸೀಳು ಹಾಕಿ, ಒಂದರೊಳಗೊಂದು ಇಳಿಸಿ ಮೇಜಿನ ಮೇಲೆ ನಿಲ್ಲಿಸಿದೆ. “ಹಿಂಗ ತುಂಡು ತುಂಡು ಕೊಡ್ರಿ. ಕೂತು ಜೋಡಿಸಿದ್ರ ನಿಮ್ಮ ಮಗಳ ಮದುವಿ ಹಂದರ ಅವರ ಮನ್ಯಾಗ ನಿಲ್ತೈತಿ. ತಾವ ಕೈಯಾರ ಹಾಕಿದ ಹಂದರಾನ ಯಾರು ಒಗೀತಾರ್ರಿ?”

ಧಣಿಯವರು ಆ ತುಂಡುಗಳನ್ನು ಬಿಚ್ಚಿದರು, ಸೇರಿಸಿದರು, ಮತ್ತೆ ಬಿಚ್ಚಿದರು. ಚಹಾ ಆರಿತು. “ಹಂದರ ಯಾಕ? ನಮ್ಮ ಕುರುಗೋಡು ಬಸವಣ್ಣನ್ನ ಮಾಡಿದ್ರ?”

“ದೇವರನ್ನ ತುಂಡು ಮಾಡಿ ಲಕೋಟಿಗೆ ಹಾಕಿ ಕಳಿಸ್ತೀರೇನ್ರಿ?”

ಎರಡೂ ಕೆನ್ನೆ ಬಡಿದುಕೊಂಡರು. ಕೊನೆಗೆ ಕರಾರು ಹಾಕಿದರು: “ನಮ್ಮವ್ವ ಕೊಟ್ರಬಸಮ್ಮ ಕುರುಗೋಡದಾಗ ಅದಾಳ. ಆಕಿಗೆ ಓದಾಕ ಬರಂಗಿಲ್ಲ. ಯಾರೂ ಹೇಳಿಕೊಡದಂಗ ಆಕಿ ಜೋಡಿಸಿ ನಿಲ್ಸಿದ್ಳಂದ್ರ ಕಾರ್ಡು ನಿಂದು. ಇಲ್ಲಾಂದ್ರ ಶಿವಕಾಶಿ.”

ನಾನು ಹ್ಞೂಂ ಅಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಹಾಗೆ. ಮೊದಲು ಒಪ್ಪಿಕೊಳ್ಳುತ್ತದೆ, ಕೈಗೆ ಆಮೇಲೆ ತಿಳಿಸುತ್ತದೆ.

ಡೈ ಮಾಡುವ ಜಂಬುನಾಥ ಮತ್ತು ನಾನು ಕೂತು ಶುರುಮಾಡಿದೆವು. ಪ್ಲೈವುಡ್ಡಿನಲ್ಲಿ ಗೆರೆ ಕೊರೆದು ಉಕ್ಕಿನ ಬ್ಲೇಡು ಬಗ್ಗಿಸಿ ಕೂರಿಸುವುದು ಅವನ ಕೆಲಸ. ಆ ಡೈಯಿಂದ ಒತ್ತಿದರೆ ರಟ್ಟು ಬೇಕಾದ ಆಕಾರಕ್ಕೆ ಕತ್ತರಿಸಿಕೊಳ್ಳುತ್ತದೆ. ನಾಲ್ಕು ಕಂಬ, ಮೇಲೆ ಚಪ್ಪರ, ಮುಂದೆ ಜೋಡಿ ಬಾಳೆಗಿಡ, ಮಾವಿನ ತೋರಣ, ಅಡಿಯಲ್ಲಿ ಮೆಟ್ಟಿಲಿರುವ ಕಟ್ಟೆ. ಮುಹೂರ್ತ, ಹೆಸರು, ಸ್ಥಳ ಎಲ್ಲ ಆ ಕಟ್ಟೆಯ ಮೇಲೆ. ಗೋಂದಿಲ್ಲ, ಪಿನ್ನಿಲ್ಲ. ಸೀಳು ರಟ್ಟಿನ ದಪ್ಪದಷ್ಟೇ ಅಗಲವಿರಬೇಕು. ಕೂದಲೆಳೆ ಹೆಚ್ಚಾದರೆ ಚಪ್ಪರ ಕುಡಿದವನ ಹಾಗೆ ವಾಲುತ್ತದೆ, ಕಡಿಮೆಯಾದರೆ ಹರಿಯುತ್ತದೆ. ಬಿಳಿ ರಟ್ಟಿನಲ್ಲಿ ಮಾಡಿ ಬೀಳಿಸಿ, ಮಾಡಿ ಬೀಳಿಸಿ, ಪ್ರೆಸ್ಸಿನ ನೆಲ ಬೊಂಬೆಗಳ ಮಸಣದಂತಾಗಿತ್ತು.

ನಿಲ್ಲುವುದು ಒಂದು ಕಷ್ಟ, ಓದು ಬಾರದವರು ನಿಲ್ಲಿಸುವುದು ಇನ್ನೊಂದು ಕಷ್ಟ. ತುಂಡುಗಳಿಗೆ ನಂಬರು ಹಾಕಿದರೆ ಆಕೆಗೆ ಏನು ಫಲ? ಅದಕ್ಕೆ ಬಣ್ಣಕ್ಕೇ ಮಾತಾಡಲು ಬಿಟ್ಟೆ. ಪ್ರತಿ ಸೀಳಿನ ಬಾಯಿಗೂ ಒಂದು ಬಣ್ಣ. ಕುಂಕುಮದ ಕೆಂಪಿಗೆ ಕುಂಕುಮದ ಕೆಂಪೇ ಜೋಡಿ, ಗಿಳಿ ಹಸಿರಿಗೆ ಗಿಳಿ ಹಸಿರು, ಬದನೆಕಾಯಿ ಬಣ್ಣಕ್ಕೆ ಬದನೆಕಾಯಿ. ಸೀರೆ ಅಂಗಡಿಯಲ್ಲಿ ಹೆಂಗಸರ ಬಾಯಲ್ಲಿ ಬರುವ ಬಣ್ಣಗಳನ್ನೇ ಆರಿಸಿದೆ. ನಮ್ಮಲ್ಲಿರುವುದು ಹಳದಿ, ಗುಲಾಬಿ, ತಿಳಿನೀಲಿ, ಕಪ್ಪು ಎಂಬ ನಾಲ್ಕೇ ಮಸಿ. ಉಳಿದ ಬಣ್ಣವೆಲ್ಲ ಇವುಗಳ ಸಂತಾನ. ಒಂದೇ ಬಣ್ಣದ ಮಷಿನ್ನಾದ್ದರಿಂದ ಪ್ರತಿ ಹಾಳೆಯೂ ಒಂದೊಂದು ಮಸಿಗೆ ಒಂದೊಂದು ಸಲ ಒಳಗೆ ಹೋಗಬೇಕು. ಹಂದರವನ್ನು ಹಿಂದಿನಿಂದಲೂ ನೋಡುತ್ತಾರಲ್ಲ, ಅದಕ್ಕೆ ಹಿಂಬದಿಯನ್ನೂ ಹಾಗೇ ಹೊಡೆಯಬೇಕು. ಹಾಳೆ ತುಸು ಜರುಗಿದರೂ ಸಾಕು, ಗಿಳಿ ಒಂದು ಕಡೆ, ಹಸಿರು ಇನ್ನೊಂದು ಕಡೆ.

ಪಕ್ಕದ ಓಣಿಯ ಮಹಮ್ಮದ್ ಗೌಸ್, ನಮ್ಮಂಥದ್ದೇ ಪ್ರೆಸ್ಸಿನವನು, ಬಾಗಿಲಿಗೆ ಒರಗಿ ನೋಡಿ, “ಏನ್ ರಜಿಯಾ ಬೀ, ಪ್ರೆಸ್ ಬಿಟ್ಟು ಮಕ್ಕಳಾಟಿಗಿ ಅಂಗಡಿ ಇಟ್ಟೀಯೇನು?” ಅಂದ. “ಹೌದು ಭಾಯಿ, ನಿನ್ನಂಥ ಮಕ್ಕಳು ಓಣ್ಯಾಗ ಭಾಳ ಆಗ್ಯಾರ,” ಅಂದೆ. ಬಾಯಿಗೆ ಬಾಯಿ ಸರಿಹೋಯಿತು, ಒಳಗೆ ಮಾತ್ರ ಚುಚ್ಚಿತು. ಈ ಕೆಲಸ ಕೈತಪ್ಪಿದರೆ ಕೌಲ್ ಬಜಾರಿನಲ್ಲಿ ನಾನು ಜೀವಮಾನವಿಡೀ ಆಟಿಗೆಯವಳೇ.

ಆದರೆ ಕೈತಪ್ಪುವುದಿಲ್ಲ. ನಿನ್ನೆ ಮಾದರಿ ಮುಗಿಯಿತು. ಎಲ್ಲ ತುಂಡುಗಳನ್ನೂ ಒಂದೇ ಹಾಳೆಯಲ್ಲಿ ಹೊಂದಿಸಿದ್ದೇನೆ; ಸಣ್ಣ ಸಣ್ಣ ಕೊಂಡಿಗಳಲ್ಲಿ ಹಾಳೆಗೆ ಅಂಟಿಕೊಂಡಿರುತ್ತವೆ, ಬೆರಳಿಂದ ಒತ್ತಿದರೆ ಬಿಟ್ಟುಕೊಳ್ಳುತ್ತವೆ. ನಾಲ್ಕು ಮೂಲೆಗೆ ನಾಲ್ಕು ಕಂಬದ ಬುಡಗಳನ್ನು ತೂರಿಸಿ, ಒಂದು ಚೂರು ರಟ್ಟೂ ದಂಡವಾಗದಂತೆ ಮಾಡಿದ್ದೇನೆ. ಹಾಳೆಯನ್ನು ಎತ್ತಿ ಹಿಡಿದು ನೋಡಿದರೆ ನನಗೆ ನನ್ನದೇ ದೃಷ್ಟಿ ತಾಗುವ ಹಾಗಿದೆ. ನಾಳೆ ಬೆಳಗ್ಗೆ ಕುರುಗೋಡಿಗೆ ಹೊರಟಿದ್ದೇನೆ. ದುವಾ ಮಾಡು.

ನಿನ್ನ ಅಮ್ಮ,
ರಜಿಯಾ


ಕೌಲ್ ಬಜಾರ್, ಬಳ್ಳಾರಿ
30 ಡಿಸೆಂಬರ್ 2007

ಮುದ್ದು ಸಾಜಿಯಾ, ಸಲಾಂ ಮತ್ತು ದುವಾ.

ಈ ಸಲವೂ ತಡ, ಈ ಸಲವೂ ಮಾಫಿ. ಬಕ್ರೀದ್ ಹಬ್ಬಕ್ಕೆ ಹೊಸ ಬಟ್ಟೆ ಉಟ್ಟುಕೊಂಡೇ ಮಷಿನ್ನಿಗೆ ಮಸಿ ಹಾಕಿದ್ದೇನೆ, ಆ ಸಲ್ವಾರಿನ ಮೇಲೆ ನಾಲ್ಕೂ ಬಣ್ಣ ಬಿದ್ದಿವೆ. ನಿನ್ನ ಪತ್ರ ತಲುಪಿತು. ‘ನೀವು’ ಹೋಗಿ ‘ನೀನು’ ಬಂದಿದೆ. ನೋಡಿದೆ. “ಏನಾಯಿತು ಹೇಳು, ಅಮ್ಮ, ಮುದುಕಿ ನಿಲ್ಲಿಸಿದಳೋ ಇಲ್ಲವೋ? ನನಗೆ ಇಲ್ಲಿ ನಿದ್ದೆ ಬರುತ್ತಿಲ್ಲ,” ಅಂದಿದ್ದೀ. ಮಲಗು, ಮಗಳೇ. ಗೆದ್ದಿದ್ದೇನೆ. ಆದರೆ ಹೇಗೆ ಸೋತು ಗೆದ್ದೆ ಎನ್ನುವುದನ್ನು ಕೇಳಿ ಮಲಗು.

ಅವತ್ತು ಬಸ್ಸು ಬಾದನಹಟ್ಟಿ ದಾಟುವಾಗ ನಾನು ಮನಸ್ಸಿನಲ್ಲೇ ಇಡೀ ಆರ್ಡರಿಗೆ ರಟ್ಟು ತರಿಸಿ ಆಗಿತ್ತು. ಕುರುಗೋಡಿನ ಮನೆ ಹಳೇದೇ, ಒಳಗೆ ಮಾತ್ರ ಕಾಲು ಜಾರುವ ಹೊಸ ಕಲ್ಲು. ಕೊಟ್ರಬಸಮ್ಮನವರು ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದರು. ಸಣ್ಣ ಆಳು, ದೊಡ್ಡ ಕಣ್ಣು. ಚಿದಾನಂದಪ್ಪನವರು, “ಅವ್ವಾ, ಮೊಮ್ಮಗಳ ಲಗ್ನಪತ್ರಿಕಿ ಬಂತು,” ಅಂದರು.

ಅಷ್ಟೇ. ನಾನು ಹಾಳೆಯನ್ನು ಆಕೆಯ ಕೈಗೆ ಕೊಡುವಷ್ಟರಲ್ಲಿ ಸೊಸೆಯಂದಿರಲ್ಲೊಬ್ಬಳು ಅದನ್ನು ಇಸಿದುಕೊಂಡು ಹೋಗಿ, ಅರಿಶಿನ ಕಲಸಿ, ನಾಲ್ಕು ಮೂಲೆಗೂ ದಪ್ಪಗೆ ಹಚ್ಚಿ, ದೇವರ ಮುಂದಿಟ್ಟು, ತಿರುಗಿ ತಂದು ಕೊಟ್ಟಳು. ಲಗ್ನಪತ್ರಿಕೆಗೆ ಅರಿಶಿನ ಹಚ್ಚದೆ ಯಾರು ಬಿಡಿಸುತ್ತಾರೆ! ನನ್ನ ಪ್ರೆಸ್ಸಿಗೇ ಬಂದು, ಮೇಜಿನ ಮೇಲೇ ಅರಿಶಿನ ಹಚ್ಚಿ, ಮೊದಲ ಕಾರ್ಡು ತಗೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ಜೀವನವಿಡೀ ಲಗ್ನಪತ್ರಿಕೆಯ ಅನ್ನ ಉಂಡವಳಿಗೆ ಅದು ನೆನಪಾಗಲಿಲ್ಲ ನೋಡು. ಸೀಳು, ಸಂದು, ಬಣ್ಣ ಅಂತ ಮುಳುಗಿ ನಾನು ಆಟಿಗೆ ಮಾಡಿದ್ದೆ. ಅವರ ಕೈಗೆ ಬಂದದ್ದು ಲಗ್ನಪತ್ರಿಕೆ.

ಮೂಲೆಯಲ್ಲಿ ಏನಿತ್ತು? ನಾಲ್ಕು ಕಂಬದ ಬುಡ. ದಂಡವಾಗಬಾರದೆಂದು ತೂರಿಸಿದ್ದೆನಲ್ಲ.

ಕೊಟ್ರಬಸಮ್ಮನವರು ತುಂಡುಗಳನ್ನು ಒಂದೊಂದಾಗಿ ಒತ್ತಿ ಬಿಡಿಸಿದರು. ಬಣ್ಣ ನೋಡುತ್ತಿದ್ದಂತೆ ಆಟ ತಿಳಿಯಿತು ಆಕೆಗೆ. “ಇದು ಬದನೀಕಾಯಿ, ಇದರ ಗಂಡ ಎಲ್ಲಿ?” ಅನ್ನುತ್ತ ಜೋಡಿ ಹುಡುಕಿ ಚಪ್ಪರ ಸೇರಿಸಿದರು. ನನ್ನ ಎದೆ ಇಷ್ಟಗಲ ಆಯಿತು. ಆಮೇಲೆ ಕಂಬ ತಗೊಂಡರು. “ಹಾಲಗಂಬ ಯಾವ್ದು?” ಅಂದರು. ಹಂದರ ಹಾಕುವಾಗ ಪೂಜೆ ಮಾಡಿ ಮೊದಲು ನೆಡುವ ಕಂಬ ಅದು. ನಾನು ನಾಲ್ಕನ್ನೂ ಒಂದೇ ರೀತಿ ಮಾಡಿದ್ದೆ. ಯಾವುದಾದರೂ ಸರಿ ಅವ್ವಾ ಅಂದೆ. ಆಕೆ ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು. ಒಂದನ್ನು ಕಟ್ಟೆಯ ಸೀಳಿಗೆ ಇಳಿಸಿದರು. ಇಳಿಯಲಿಲ್ಲ. ಅರಿಶಿನದ ನೀರು ಕುಡಿದು ಬುಡ ಉಬ್ಬಿತ್ತು. ಒತ್ತಿದರು. ಬುಡ ಮುದುರಿ ಹರಿಯಿತು, ಕಂಬ ಅಡ್ಡ ಬಿತ್ತು.

ಮದುವೆ ಹೆಣ್ಣು ಬಾಗಿಲ ಸಂದಿಯಿಂದ ನೋಡುತ್ತಿದ್ದವಳು ಒಳಗೆ ಹೋಗಿಬಿಟ್ಟಳು.

“ಕಂಬನ ನಿಲ್ಲವಲ್ಲದು,” ಅಂದರು ಮುದುಕಮ್ಮ, ಮೆಲ್ಲಗೆ. ರಟ್ಟು ಹಾಳಾಯಿತು ಅಂತ ಯಾರೂ ಅನ್ನಲಿಲ್ಲ, ಸಾಜಿಯಾ. ಮದುವೆಯ ಹಂದರ ಬಿತ್ತು ಅಂತಲೇ ಎಲ್ಲರ ಮುಖದಲ್ಲಿ ಬರೆದಿತ್ತು. ಚಿದಾನಂದಪ್ಪನವರು ನನ್ನನ್ನು ಜಗಲಿಗೆ ಕರೆದು, “ನೋಡವ್ವಾ, ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಇದು ಶಕುನದ ಮಾತು. ಶಿವಕಾಶಿ ಏಜೆಂಟನ್ನ ಕರೆಸ್ತೀನಿ,” ಅಂದು ಚಪ್ಪಲಿ ಮೆಟ್ಟಿಕೊಂಡರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅರಿಶಿನಕ್ಕೆ ಬೈದೆ, ಸೊಸೆಗೆ ಬೈದೆ, ರಟ್ಟಿನ ಕಂಪನಿಗೆ ಬೈದೆ. ಬಳ್ಳಾರಿ ಬರುವ ಹೊತ್ತಿಗೆ ಬೈಯಲು ನಾನೊಬ್ಬಳೇ ಉಳಿದಿದ್ದೆ.

ಜಂಬುನಾಥ ಹೇಳಿದ್ದು ಸರಳ: “ಮೂಲ್ಯಾಗ ಜಾಗ ಖಾಲಿ ಬಿಡೂನು ಅಕ್ಕಾ. ಅರಿಶಿನ ಹಚ್ಚಲಿ, ಹರಿದು ಒಗೀಲಿ.” ನನಗೆ ಒಪ್ಪಿಗೆಯಾಗಲಿಲ್ಲ. ರಟ್ಟಿನ ಲೋಭ ಅಂತ ನೀನು ನಗಬಹುದು. ಅದೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅರಿಶಿನ ಹಚ್ಚಿದ ಚೂರನ್ನು ಯಾರಾದರೂ ಹರಿದು ಕಸಕ್ಕೆ ಹಾಕುತ್ತಾರೇನು? ಅದು ಬಿದ್ದ ಕಂಬಕ್ಕಿಂತ ದೊಡ್ಡ ಅಪಶಕುನ. ಜಂಬುನಾಥ ಸುಮ್ಮನೆ ಕೂರಲಾರದ ಮನುಷ್ಯ. ಡೈ ಸರಿಮಾಡಲು ಸುತ್ತಿಗೆ ಎತ್ತಿಕೊಂಡ. ಅದರ ತಲೆ ಗಡಗಡ ಅನ್ನುತ್ತಿತ್ತು. ಎದ್ದು ಹೋಗಿ ಬಕೆಟ್ಟಿನ ನೀರಿಗೆ ಸುತ್ತಿಗೆಯನ್ನು ತಲೆಕೆಳಗಾಗಿ ಅದ್ದಿ ಇಟ್ಟ. ಎಲ್ಲರೂ ಮಾಡುವುದೇ: ಮರದ ಹಿಡಿ ನೀರು ಕುಡಿದು ಉಬ್ಬಿದರೆ ತಲೆ ಬಿಗಿಯಾಗುತ್ತದೆ.

ನಾನು ಆ ಬಕೆಟ್ಟನ್ನೇ ನೋಡಿದೆ. “ಜಂಬಣ್ಣ, ಸೀಳು ಅಗಲ ಮಾಡು,” ಅಂದೆ.

“ಯಾವ ಸೀಳು?”

“ಕಂಬ ಇಳಿಯೋ ಸೀಳು. ಸಡಿಲ ಮಾಡು. ಕಂಬ ಅದರಾಗ ಅಲ್ಲಾಡಬೇಕು.”

“ಅಲ್ಲಾಡಿದ್ರ ಬೀಳ್ತೈತಲ್ಲಕ್ಕ!”

“ಅರಿಶಿನ ಹಚ್ಚಿದ ಮ್ಯಾಲ ಬೀಳಂಗಿಲ್ಲ.”

ಅವನಿಗೆ ಹೊಳೆಯಲು ಒಂದು ಬೀಡಿಯಷ್ಟು ಹೊತ್ತು ಬೇಕಾಯಿತು. ಹೊಳೆದ ಮೇಲೆ ಬೀಡಿ ಎಸೆದು ಎದ್ದ.

ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಬುಡದ ಮೇಲೆ ಬಣ್ಣ, ವಾರ್ನಿಷ್ ಇದ್ದರೆ ನೀರು ಒಳಗೆ ಇಳಿಯುವುದಿಲ್ಲ. ಮೂಲೆಗಳಲ್ಲಿ ಮಸಿ ಬೀಳದಂತೆ ಅಚ್ಚಿನ ತಗಡುಗಳನ್ನೆಲ್ಲ ಹೊಸದಾಗಿ ಮಾಡಿಸಿದೆ. ತೆಳ್ಳಗೆ ಹಚ್ಚುವವರಿದ್ದಾರೆ, ಗೋಡೆಗೆ ಗಿಲಾವು ಮಾಡಿದಂತೆ ಮೆತ್ತುವವರಿದ್ದಾರೆ. ಎರಡಕ್ಕೂ ಸರಿಹೋಗಬೇಕು. ನಾನೇ ಜಿಪುಣ ಅತ್ತೆಯಾಗಿ ಹಚ್ಚಿದೆ, ಧಾರಾಳಿ ಅತ್ತೆಯಾಗಿ ಹಚ್ಚಿದೆ, ಬಿಸಿಲಿಗೆ ಒಣಗಿಸಿದೆ. ಉಬ್ಬಿದ ರಟ್ಟು ಒಣಗಿದ ಮೇಲೂ ಪೂರ್ತಿ ಮೊದಲಿನಂತಾಗುವುದಿಲ್ಲ, ಮೈ ಒರಟಾಗಿ ಸೀಳಿನಲ್ಲಿ ಕಚ್ಚಿ ಕೂರುತ್ತದೆ. ಮೊದಮೊದಲು ವಾಲಿತು, ಆಮೇಲೆ ಬಿಗಿಯಾಗಿ ಹರಿಯಿತು. ಜಂಬುನಾಥ ಬ್ಲೇಡನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಕೊನೆಗೆ ಒಂದು ಜಾಗಕ್ಕೆ ತಂದು ನಿಲ್ಲಿಸಿದ. ಒಂದು ಕಂಬಕ್ಕೆ ಮಾತ್ರ ಹಸಿ ಎಲೆ ಕಟ್ಟಿದ ಚಿತ್ರ ಹಾಕಿದೆ. ಹಾಲಗಂಬ ಯಾವುದೆಂದು ಇನ್ನು ಯಾರೂ ಕೇಳಬೇಕಿಲ್ಲ.

ಈ ಸಲ ಧಣಿಗೆ ತಿಳಿಸಲಿಲ್ಲ. ಅವರನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದರು. ನೇರ ಬಸ್ಸು ಹತ್ತಿ ಹೋಗಿ ಕೊಟ್ರಬಸಮ್ಮನವರ ಮುಂದೆ ಕೂತೆ.

“ಮತ್ತ ಬಂದ್ಯಾ ಸಾಬರಾಕಿ? ಒಮ್ಮೆ ಬೀಳ್ಸಿ ಸಾಕಾಗಲಿಲ್ಲೇನು?”

“ಅವ್ವಾ, ಕಂಬದ್ದೇನೂ ತಪ್ಪಿಲ್ಲ. ನಿಮ್ಮ ಅರಿಶಿನಕ್ಕ ನಾನು ಜಾಗ ಇಟ್ಟಿದ್ದಿಲ್ಲ. ಈಗ ಇಟ್ಟೀನಿ.”

ಆಕೆ ಹಾಳೆಯ ಮೂಲೆ ಸವರಿ ನೋಡಿ, “ಅರಿಶಿನ ತರ್ರೇ,” ಎಂದು ಒಳಗೆ ಕೂಗಿದರು. ಸೊಸೆಯಂದಿರು ಹಿಂದೆ ಮುಂದೆ ನೋಡಿದರು. ಆಕೆ ತಾವೇ ಹಚ್ಚಿದರು, ಅಂಗಳದ ಬಿಸಿಲಿಗೆ ಇಟ್ಟರು. ಒಣಗುವ ತನಕ ನನ್ನ ಊರು, ಕುಲ, ಕೆಲಸ ಎಲ್ಲ ವಿಚಾರಿಸಿದರು. ಮಕ್ಕಳೆಷ್ಟು ಅಂದರು. “ಒಬ್ಬಾಕಿ ಮಗಳು, ಸಿರಿಗೇರಿಯಾಗ ಅದಾಳ,” ಅಂದೆ. ಹೇಳಲು ಹಿತವಾಗಿತ್ತು.

ಹಾಳೆ ಬಂತು. ಮೊದಲು ಎಲೆ ಕಟ್ಟಿದ ಕಂಬ ಹುಡುಕಿದರು. “ಹಾಂ, ಇದು ಹಾಲಗಂಬ.” ಕಣ್ಣಿಗೆ ಒತ್ತಿಕೊಂಡು ಕಟ್ಟೆಗೆ ಇಳಿಸಿದರು. ಕರ್ರ್ ಅಂತ ಸಣ್ಣ ಸದ್ದು. ಕೈ ಬಿಟ್ಟರು. ನಿಂತಿತು. ನನ್ನ ಮಂದಗಿವಿಗೂ ಆ ಸದ್ದು ಕೇಳಿಸಿತು ಅಂದರೆ ನೀನು ನಂಬಬೇಕು.

ಉಳಿದ ಕಂಬ ಇಳಿಸಿ, ತೋರಣ ಹಾಕಿ, ಚಪ್ಪರ ಏರಿಸುತ್ತಿದ್ದಾಗ ಹೊರಗೆ ಜೀಪು ನಿಂತ ಸದ್ದು. ಚಿದಾನಂದಪ್ಪನವರು, ಜೊತೆಗೆ ಬಿಳಿ ಪ್ಯಾಂಟಿನ ಶಿವಕಾಶಿ ಏಜೆಂಟು, ಬಗಲಲ್ಲಿ ಇಷ್ಟು ದಪ್ಪ ಆಲ್ಬಮ್ಮು. ನನ್ನನ್ನು ನೋಡಿ ಧಣಿಯವರ ಮುಖ ಕೆಂಪಾಯಿತು. ಬಾಯಿ ತೆರೆಯುವಷ್ಟರಲ್ಲಿ ಮುದುಕಮ್ಮ, “ಸುಮ್ಮನಿರಲೇ ಚಿದಾನಂದ, ಹಂದರ ಹಾಕಾಕತ್ತೀನಿ,” ಅಂದರು. ಗಣಿ ಧಣಿ ಬಾಗಿಲಲ್ಲೇ ನಿಂತರು.

ಬಾಳೆಗಿಡ ನಿಲ್ಲಿಸಿದ ಮೇಲೆ ಆಕೆ ಮಾಡಿದ್ದನ್ನು ನಾನು ಎಣಿಸಿಯೇ ಇರಲಿಲ್ಲ. ಎರಡು ಬೆರಳಿಂದ ಚಪ್ಪರದ ತುದಿ ಹಿಡಿದು ಇಡೀ ಹಂದರವನ್ನು ಮೇಲಕ್ಕೆತ್ತಿದರು. ಕಟ್ಟೆ, ಕಂಬ, ತೋರಣ, ಬಾಳೆ ಎಲ್ಲ ಒಟ್ಟಿಗೇ ಎದ್ದವು. ಒಂದು ತುಂಡೂ ಕಳಚಲಿಲ್ಲ. ಮೊಮ್ಮಗಳನ್ನು ಕರೆದು ಅದನ್ನು ಆಕೆಯ ಅಂಗೈ ಮೇಲಿಟ್ಟು, “ತಗೋ. ನಿಂತೈತಿ,” ಅಂದರು. ಆ ಹುಡುಗಿ ಅತ್ತಳು, ನಕ್ಕಳು.

ಏಜೆಂಟು ಬಗ್ಗಿ ಬಗ್ಗಿ ನೋಡಿ, “ಏಮ್ಮಾ, ಯಾವ ಗಮ್ಮು ಹಾಕೀರಿ?” ಅಂತ ಅರ್ಧ ತೆಲುಗಿನಲ್ಲಿ ಕೇಳಿದ.

“ಅರಿಶಿನ,” ಅಂದೆ.

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. ಈಗಲೂ ಹಾಗೇ ಅಂದುಕೊಂಡಿರಬಹುದು. ಕೊಟ್ರಬಸಮ್ಮನವರು ಮಗನಿಗೆ ಹೇಳಿದರು: “ಪಾಪ, ದೂರದಿಂದ ಬಂದಾನ. ಚಾ ಕುಡಿಸಿ ಕಳಿಸು.”

ಆಮೇಲಿನದು ಏನು ಹೇಳಲಿ! ನನ್ನ ಕೆಮ್ಮುವ ಮಷಿನ್ನು ಕೆಮ್ಮು ಮರೆತು ಓಡಿತು. ಕಾರ್ಡುಗಳು ಕುರುಗೋಡಿಗೆ ಹೋದ ದಿನ ಆ ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಸಾಲಾಗಿ ಕೂತು ಅರಿಶಿನ ಹಚ್ಚಿದರಂತೆ. ಮನೆ ಮುಂದೆಲ್ಲ ಹಳದಿ ಹಾಳೆ ಹರವಿ, ಶ್ಯಾವಿಗೆ ಒಣಹಾಕಿದಂತೆ ಕಾಣುತ್ತಿತ್ತಂತೆ. ಈಗ ಬಳ್ಳಾರಿಯಲ್ಲಿ ಯಾರ ಮನೆಗೆ ಹೋದರೂ ಟಿವಿ ಮೇಲೆ ನನ್ನ ಹಂದರ. ಒಬ್ಬ ದೊಡ್ಡ ಸಾಹೇಬರು ಜೋಡಿಸಲು ಬಾರದೆ ಡ್ರೈವರನ್ನು ಪ್ರೆಸ್ಸಿಗೇ ಕಳಿಸಿದ್ದರು, ಅರಿಶಿನ ತೊಳೆದುಬಿಟ್ಟಿದ್ದರಂತೆ. ಗಣಿಯವರು ಇನ್ನಿಬ್ಬರು ಬಂದು ಕೂತಿದ್ದರು. ಒಬ್ಬರಿಗೆ ಹೆಲಿಕಾಪ್ಟರ್ ಬೇಕು. ಮಾಡೋಣ, ಅದಕ್ಕೂ ರೆಕ್ಕೆಯ ಬುಡಕ್ಕೆ ಅರಿಶಿನ ಹಚ್ಚಿಸುತ್ತೇನೆ. ಮಹಮ್ಮದ್ ಗೌಸ್ ನಿನ್ನೆ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತು, “ರಜಿಯಾ ಬೀ, ಹಿಂಬದಿ ಬಣ್ಣ ಮುಂದಿನದಕ್ಕ ಹೆಂಗ ಕೂಡಿಸಿದಿ?” ಅಂತ ತಗ್ಗಿದ ದನಿಯಲ್ಲಿ ಕೇಳಿದ. ಹೇಳಿಕೊಟ್ಟೆ. ಅರ್ಧ ಹೇಳಿಕೊಟ್ಟೆ.

ಮದುವೆಗೆ ನನ್ನನ್ನೂ ಜಂಬುನಾಥನನ್ನೂ ಕರೆದಿದ್ದಾರೆ. ಕೊಟ್ರಬಸಮ್ಮನವರು ಹೇಳಿ ಕಳಿಸಿದ್ದಾರೆ: “ಸಾಬರಾಕಿ ಮುಂದಿನ ಸಾಲಿನ್ಯಾಗ ಕೂಡಬೇಕು.” ಕೂಡುತ್ತೇನೆ. ಮಸಿ ಬೀಳದ ಸೀರೆ ಒಂದು ತಗೊಂಡಿದ್ದೇನೆ.

ಇದರ ಜೊತೆ ನಿನಗೂ ಒಂದು ಹಾಳೆ ಇಟ್ಟಿದ್ದೇನೆ. ಮೂಲೆಗೆ ಅರಿಶಿನ ಹಚ್ಚಿ, ಒಣಗಿಸಿ, ಇಲಿಯಾಸ್‌ನನ್ನು ಪಕ್ಕ ಕೂರಿಸಿಕೊಂಡು ಜೋಡಿಸು. ಅತ್ತೆಯನ್ನೂ ಕರೆ, ಬಣ್ಣ ಹುಡುಕುವುದರಲ್ಲಿ ಅತ್ತೆಯರ ಕಣ್ಣು ಚುರುಕು. ಅಲ್ಲಾಹ್ ನಿಮ್ಮ ಸಂಸಾರವನ್ನು ಗಟ್ಟಿಯಾಗಿ ನಿಲ್ಲಿಸಲಿ. ಮೈ ಕಡೆ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿಲಲ್ಲಿ ತಲೆಗೆ ಸೆರಗು ಹಾಕಿಕೊಂಡು ಓಡಾಡು.

ನಿನ್ನ ಅಮ್ಮ,
ರಜಿಯಾ

ತಾ.ಕ.: ನಿನ್ನ ಪತ್ರದ ತುದಿಯಲ್ಲಿ ಬರೆದಿದ್ದೀಯಲ್ಲ, ನಿನ್ನ ನಿಕಾಹ್‌ಗೂ ಬಳ್ಳಾರಿಯಲ್ಲೇ ಕಾರ್ಡು ಹೊಡೆಸಿದ್ದರು, ಹಸಿರು ಬಣ್ಣದ್ದು, ಬಲು ಚೆಂದ ಇತ್ತು ಅಂತ. ಯಾವ ಪ್ರೆಸ್ಸೆಂದು ನೀನು ಬರೆದಿಲ್ಲ, ಬರೆಯಲೂ ಬೇಡ. ಈ ಬಜಾರಿನ ಪ್ರೆಸ್ಸಿನವರೆಲ್ಲ ನನಗೆ ದಿನಾ ಸಲಾಂ ಹೇಳುವವರು, ನಾಳೆಯೂ ನಾನು ಅವರ ಮುಖ ನೋಡಬೇಕು. ನಾನೊಂದು ಕಾರ್ಡು ಕಳಿಸಿದ್ದೇನೆ, ಬದಲಿಗೆ ನೀನೊಂದು ಕಳಿಸು, ಮನೆಯಲ್ಲಿ ಉಳಿದಿದ್ದರೆ. ಆ ಹಸಿರು ಸರಿಯಾಗಿ ಕೂತಿದೆಯೋ, ಎಲ್ಲಾದರೂ ಗೆರೆ ದಾಟಿದೆಯೋ ನೋಡಬೇಕು, ಅಷ್ಟೆ. ಹುಡುಗಿಯ ತಾಯಿ ಎಂದು ಯಾರ ಹೆಸರು ಹಾಕಿದ್ದಾರೋ, ಆ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡು ನೋಡುತ್ತೇನೆ.